ಬ್ಯಾರೆಲ್ ಬದಲಿಸಿದ ಮೇಲೆ 48 ಎಫ್‌ಪಿಎಸ್ ಇಳಿದಿದೆ, ಟ್ವಿಸ್ಟ್ ಜಾಸ್ತಿಯಾಗಿದ್ದೇ ಕಾರಣವಾ?

ತೋಟದಮನೆ_177

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಕೂತಿದ್ದೇನೆ, ಯಾರಾದರೂ ದಾರಿ ತೋರಿಸಿ.

ನನ್ನದು 0.177 ಇಂಚು ಒಳ ಅಗಲದ ಮಾಮೂಲಿ ಸ್ಪ್ರಿಂಗ್ ಏರ್‌ಗನ್, ಬ್ಯಾರೆಲ್ ಮಡಚಿ ಲೋಡ್ ಮಾಡುವಂಥದ್ದು. ಮನೆ ಹಿಂದೆ 20 ಮೀಟರ್ ದೂರದಲ್ಲಿ ಮರಳು ಚೀಲ ಇಟ್ಟು, ಅದರ ಮುಂದೆ ಕಾಗದ ಅಂಟಿಸಿ ಹೊಡೆಯುತ್ತೇನೆ. ಅಷ್ಟೇ ನನ್ನ ಹುಚ್ಚು. ಹಳೇ ಬ್ಯಾರೆಲ್ ಬಾಯಿಯ ಹತ್ತಿರ ಒಳಗೆ ತುಕ್ಕು ತಿಂದಿತ್ತು (ಮಲೆನಾಡಿನ ಮಳೆಗಾಲ, ಎಣ್ಣೆ ಹಚ್ಚದ ನನ್ನ ಸೋಮಾರಿತನ, ಎರಡೂ ಸೇರಿ). ಹಾಗಾಗಿ ಹೊಸ ಬ್ಯಾರೆಲ್ ಹಾಕಿಸಿದೆ. ಉದ್ದ ಹಳೆಯದರಷ್ಟೇ.

ಕ್ರೋನೋಗ್ರಾಫ್ (ಸ್ಪೀಡ್ ಅಳೆಯುವ ಯಂತ್ರ) ಇಟ್ಟು ನೋಡಿದರೆ ಹೀಗಿದೆ, ಲೆಕ್ಕ ಎಲ್ಲ ಎಫ್‌ಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಅಡಿ ಅಂತ. ಜೆಎಸ್‌ಬಿ ಕಂಪನಿಯ 8.44 ಗ್ರೇನ್ ತೂಕದ ಪೆಲೆಟ್ (ಏರ್‌ಗನ್ ಗುಂಡು), ಒಂದೇ ಡಬ್ಬಿಯದು. ಹಳೇ ಬ್ಯಾರೆಲ್‌ನಲ್ಲಿ 10 ಹೊಡೆತದ ಸರಾಸರಿ 812, ಅತಿ ಜಾಸ್ತಿ ಮತ್ತು ಅತಿ ಕಡಿಮೆಯ ನಡುವೆ 9 ಎಫ್‌ಪಿಎಸ್ ವ್ಯತ್ಯಾಸ. ಹೊಸದರಲ್ಲಿ ಸರಾಸರಿ 764, ವ್ಯತ್ಯಾಸ 31.

ಹಾಕಿಕೊಟ್ಟವರನ್ನು ಕೇಳಿದರೆ, "ಇದು 12 ಇಂಚಿಗೆ ಒಂದು ಸುತ್ತು ಸರ್, ಹಳೇದು 16 ಇಂಚಿಗೆ ಒಂದು. ಗುಂಡು ಜಾಸ್ತಿ ತಿರುಗೋಕೆ ಶಕ್ತಿ ಹೋಗುತ್ತೆ, ಸ್ಪೀಡ್ ಇಳಿಯೋದು ಸಹಜ" ಅಂದರು. ಟ್ವಿಸ್ಟ್ ಅಂದರೆ ಇದೇ, ಬ್ಯಾರೆಲ್ ಒಳಗಿನ ಸುರುಳಿ ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆ ಅನ್ನುವುದು. ಕೇಳೋಕೆ ಸರಿ ಅನಿಸುತ್ತದೆ. ನಿಜವಾ?

ಹಳೇ_ಸ್ಪ್ರಿಂಗ್

ಕೇಳೋಕೆ ಸರಿ ಅನಿಸುತ್ತದೆ, ಲೆಕ್ಕ ಹಾಕಿದರೆ ಬಿದ್ದುಹೋಗುತ್ತದೆ. ಹಾಕೋಣ ಬನ್ನಿ.

8.44 ಗ್ರೇನ್ ಅಂದರೆ 0.547 ಗ್ರಾಂ. 812 ಎಫ್‌ಪಿಎಸ್ ಅಂದರೆ ಸೆಕೆಂಡಿಗೆ ಸುಮಾರು 247 ಮೀಟರ್. ಹಾಗಾದರೆ ಪೆಲೆಟ್‌ನ ಶಕ್ತಿ ಸುಮಾರು 16.7 ಜೌಲ್. 764ಕ್ಕೆ ಇಳಿದಾಗ ಅದು 14.8. ಅಂದರೆ ನಿಮ್ಮ ಹತ್ತಿರ ಹೆಚ್ಚುಕಡಿಮೆ 1.9 ಜೌಲ್ ಕಾಣೆಯಾಗಿದೆ.

ಈಗ ತಿರುಗುವುದರ ಲೆಕ್ಕ. 12 ಇಂಚಿಗೆ ಒಂದು ಸುತ್ತು ಅಂತಲೇ ಇಟ್ಟುಕೊಳ್ಳಿ. ಪೆಲೆಟ್ ಸೆಕೆಂಡಿಗೆ 810 ಸುತ್ತು ಹೊಡೆಯುತ್ತದೆ, ನಿಮಿಷಕ್ಕೆ 48 ಸಾವಿರದ ಮೇಲೆ. ದೊಡ್ಡ ಸಂಖ್ಯೆ ನೋಡಿ ಹೆದರಬೇಡಿ, ಏಕೆಂದರೆ ಬುಗುರಿ ಎಷ್ಟು ಜೋರಾಗಿ ತಿರುಗಿದರೂ ಅದು ಸಾಸಿವೆಯಷ್ಟು ದಪ್ಪ ಇದ್ದರೆ ಅದರಲ್ಲಿ ಎಷ್ಟು ಶಕ್ತಿ ಕೂತಿರಲು ಸಾಧ್ಯ? ಪೆಲೆಟ್‌ನ ಅರ್ಧ ಅಗಲ ಬರೀ 2.25 ಮಿ.ಮೀ. ಗಟ್ಟಿ ಸಿಲಿಂಡರ್ ಅಂತ ಲೆಕ್ಕ ಹಿಡಿದರೆ ತಿರುಗುವ ಶಕ್ತಿ 0.018 ಜೌಲ್. ಪೆಲೆಟ್ ಹಿಂದೆ ಟೊಳ್ಳು, ತೂಕ ಅಂಚಿನ ಕಡೆ ಜಾಸ್ತಿ ಇದೆ ಅಂತ ಅದನ್ನು ಎರಡು ಪಟ್ಟು ಮಾಡಿದರೂ 0.036. ನೂರು ರೂಪಾಯಿ ಕಳೆದಿದೆ, ನೀವು ಒಂದೆರಡು ರೂಪಾಯಿ ಕದ್ದವನನ್ನು ಹಿಡಿದುಕೊಂಡು ನಿಂತಿದ್ದೀರಿ.

ಅದೂ ಪೂರ್ತಿ ಲೆಕ್ಕ. ಹಳೇ ಬ್ಯಾರೆಲ್‌ನಲ್ಲೂ ಪೆಲೆಟ್ ತಿರುಗುತ್ತಿತ್ತು ಅಲ್ವಾ? 16ರಿಂದ 12ಕ್ಕೆ ಬಂದದ್ದರಿಂದ ಆಗುವ ವ್ಯತ್ಯಾಸ ಮಾತ್ರ ತೆಗೆದರೆ ಅರ್ಧ ಎಫ್‌ಪಿಎಸ್ ಕೂಡ ಇಲ್ಲ. ನಿಮ್ಮ ಕ್ರೋನೋಗೆ ಅದು ಕಾಣಿಸುವುದೂ ಇಲ್ಲ.

ಟ್ವಿಸ್ಟ್‌ನಿಂದ ಉಜ್ಜುವಿಕೆ ಜಾಸ್ತಿ ಆಗುತ್ತದಲ್ಲ ಅನ್ನುವವರೂ ಇದ್ದಾರೆ. 16ರ ಟ್ವಿಸ್ಟ್‌ನಲ್ಲಿ ಗೆರೆ ವಾಲಿರುವುದು 2 ಡಿಗ್ರಿ, 12ರದ್ದರಲ್ಲಿ 2.7 ಡಿಗ್ರಿ. ಎರಡೂ ಹೆಚ್ಚುಕಡಿಮೆ ನೆಟ್ಟಗಿನ ರಸ್ತೆಯೇ, ಆಗುಂಬೆ ಘಾಟಿ ಏನಲ್ಲ.

ನಿಜವಾದ ಸುಳಿವು ಬೇರೆ ಕಡೆ ಇದೆ, ನೀವೇ ಬರೆದಿದ್ದೀರಿ. ಸರಾಸರಿ ಬಿಡಿ, ಆ 9 ಹೋಗಿ 31 ಆಗಿದೆಯಲ್ಲ, ಅದನ್ನು ನೋಡಿ. ಟ್ವಿಸ್ಟ್ ಉಕ್ಕಿನಲ್ಲಿ ಕೆತ್ತಿರುವುದು. ಒಂದು ಹೊಡೆತಕ್ಕೆ ಒಂದು ಥರ, ಇನ್ನೊಂದಕ್ಕೆ ಇನ್ನೊಂದು ಥರ ಇರುವುದಿಲ್ಲ. ಹೊಡೆತದಿಂದ ಹೊಡೆತಕ್ಕೆ ಬದಲಾಗುವ ಏನೋ ಒಂದು ನಿಮ್ಮ ಗನ್‌ನಲ್ಲಿ ಸೇರಿಕೊಂಡಿದೆ. ನನಗೆ ಅನುಮಾನ ಬ್ರೀಚ್ ಸೀಲ್ ಮೇಲೆ, ಅಂದರೆ ಬ್ಯಾರೆಲ್ ಹಿಂಭಾಗ ಗನ್‌ಗೆ ಸೇರುವಲ್ಲಿ ಗಾಳಿ ಸೋರದಂತೆ ತಡೆಯುವ ರಿಂಗ್ ಮೇಲೆ.

ಬಾಟಲಿ_ಗಾಳಿ

ಹಳೇ ಸ್ಪ್ರಿಂಗ್ ಸರ್, ಲೆಕ್ಕ ಚೆನ್ನಾಗಿದೆ, ಆದರೆ ನನ್ನ ಅನುಭವ ಬೇರೆ. ನನ್ನ ಪಿಸಿಪಿಗೆ (ಮೊದಲೇ ಗಾಳಿ ತುಂಬಿಸಿಟ್ಟು ಹೊಡೆಯುವ ಏರ್‌ಗನ್) ಎರಡು ಬ್ಯಾರೆಲ್ ಇವೆ, ಎರಡರ ಟ್ವಿಸ್ಟ್ ಬೇರೆ ಬೇರೆ. ಅದೇ ಪ್ರೆಷರ್, ಅದೇ ಪೆಲೆಟ್, 20 ಎಫ್‌ಪಿಎಸ್ ವ್ಯತ್ಯಾಸ ಪ್ರತಿ ಸಲ ಬರುತ್ತದೆ. ಇದಕ್ಕೇನು ಹೇಳುತ್ತೀರಿ?

ತೋಟದಮನೆಯವರೇ, ಸುಮ್ನೆ ಸ್ವಲ್ಪ ಗಟ್ಟಿ ಸ್ಪ್ರಿಂಗ್ ಹಾಕಿಬಿಡಿ, ಮುಗೀತು.

ಹಳೇ_ಸ್ಪ್ರಿಂಗ್

ನಿಮ್ಮ 20 ಎಫ್‌ಪಿಎಸ್ ಸುಳ್ಳು ಅನ್ನುತ್ತಿಲ್ಲ. ಅದು ಟ್ವಿಸ್ಟ್‌ನಿಂದ ಬಂತು ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಎರಡು ಬ್ಯಾರೆಲ್ ಅಂದರೆ ಟ್ವಿಸ್ಟ್ ಒಂದೇ ಅಲ್ಲ ಬೇರೆ ಇರುವುದು. ಒಳ ಅಗಲ ಕೂದಲೆಳೆಯಷ್ಟು ಬೇರೆ ಇರಬಹುದು, ಗೆರೆಗಳ ಆಳ, ಪೆಲೆಟ್ ಒಳಗೆ ಹೋಗುವ ಬಾಯಿಯ ಇಳಿಜಾರು, ತುದಿಯಲ್ಲಿ ಚೋಕ್ (ಒಳ ಅಗಲ ಸ್ವಲ್ಪ ಕಿರಿದಾಗಿರುವ ಜಾಗ) ಇದೆಯೋ ಇಲ್ಲವೋ, ಗಾಳಿ ಬರುವ ತೂತಿನ ಅಂಚು. ಇವೆಲ್ಲ ಉಜ್ಜುವ ಮತ್ತು ಸೋರುವ ಜಾಗಗಳು. ಒಂದೇ ಕಾರ್ಖಾನೆಯ, ಒಂದೇ ಟ್ವಿಸ್ಟ್‌ನ ಎರಡು ಬ್ಯಾರೆಲ್ ಹಾಕಿ ನೋಡಿ, ಆಗಲೂ ವ್ಯತ್ಯಾಸ ಬರುತ್ತದೆ.

ಗಟ್ಟಿ ಸ್ಪ್ರಿಂಗ್ ಬೇಡ. ಸೋರುವ ಕೊಡಕ್ಕೆ ಜಾಸ್ತಿ ನೀರು ಹಾಕಿದ ಹಾಗಾಗುತ್ತದೆ. ಇನ್ನೊಂದು ವಿಷಯ, 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಒಳ ಅಗಲ 0.177 ಇಂಚು, ಶಕ್ತಿ 20 ಜೌಲ್ ಮೀರದೆ ಇರುವ ತನಕ ಮಾತ್ರ ಲೈಸೆನ್ಸ್ ಬೇಕಿಲ್ಲ. ಇವರದು ಈಗಾಗಲೇ 16ರ ಮೇಲಿತ್ತು.

ತೋಟದಮನೆಯವರೇ, ಮೂರು ಕೆಲಸ ಮಾಡಿ. ಟಿಶ್ಯೂ ಪೇಪರ್ ಸಣ್ಣ ಪಟ್ಟಿ ಹರಿದು ಬ್ಯಾರೆಲ್ ಸೇರುವ ಜಾಗದ ಮೇಲೆ ಸಡಿಲವಾಗಿ ಇಟ್ಟು ಒಂದು ಹೊಡೆಯಿರಿ, ಹಾರಿದರೆ ಅಲ್ಲಿ ಗಾಳಿ ಸೋರುತ್ತಿದೆ. ಆಮೇಲೆ ಬ್ಯಾರೆಲ್ ಬಿಚ್ಚಿ, ಒಂದು ಪೆಲೆಟ್ಟನ್ನು ರಾಡ್‌ನಿಂದ ಹಿಂದಿನಿಂದ ಮುಂದಕ್ಕೆ ನಿಧಾನ ತಳ್ಳಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ಕೈಗೇ ಗೊತ್ತಾಗುತ್ತದೆ. ಹೊರಗೆ ಬಂದ ಪೆಲೆಟ್‌ನ ಪಾವಡೆ (ಹಿಂಭಾಗದ ತೆಳು ಅಂಚು) ಕೆತ್ತಿಹೋಗಿದೆಯಾ ಭೂತಗನ್ನಡಿಯಲ್ಲಿ ನೋಡಿ. ಕೊನೆಗೆ ಟ್ವಿಸ್ಟ್ ನೀವೇ ಅಳೆಯಿರಿ: ಹಿಡಿಯಲ್ಲಿ ಬೇರಿಂಗ್ ಇರುವ ರಾಡ್‌ಗೆ ಬಿಗಿಯಾಗಿ ಬಟ್ಟೆ ಸುತ್ತಿ, ರಾಡ್ ಮೇಲೆ ಒಂದು ಗುರುತು ಹಾಕಿ ತಳ್ಳಿ. ಗುರುತು ಅರ್ಧ ಸುತ್ತು ಬರಲು ಎಷ್ಟು ಇಂಚು ಹೋಯಿತೋ ಅದರ ಎರಡು ಪಟ್ಟು. ಇದು ಸ್ಪೀಡಿಗೆ ಬೇಕಾಗಿ ಅಲ್ಲ, ನನ್ನ ಕುತೂಹಲಕ್ಕೆ.

ಮತ್ತೆ, ಖಾಲಿ ಹೊಡೆಯಬೇಡಿ, ಪಿಸ್ಟನ್ ಹಾಳಾಗುತ್ತದೆ.

ಕಾಗದದ_ಹುಲಿ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಹಾಗಾದರೆ ಟ್ವಿಸ್ಟ್‌ಗೆ ಬೆಲೆಯೇ ಇಲ್ವಾ?

ಹಳೇ_ಸ್ಪ್ರಿಂಗ್

ಇದೆ, ಸ್ಪೀಡಿಗಲ್ಲ, ಗುರಿಗೆ. ನಡು ಸಣ್ಣ, ಹಿಂದೆ ಟೊಳ್ಳು ಇರುವ ನಮ್ಮ ಮಾಮೂಲಿ ಪೆಲೆಟ್ ಅರ್ಧ ಕೆಲಸ ತಾನೇ ಮಾಡಿಕೊಳ್ಳುತ್ತದೆ, ತೂಕ ಮುಂದೆ ಇದ್ದು ಹಿಂಭಾಗ ಗಾಳಿಗೆ ಎಳೆದು ನೆಟ್ಟಗೆ ಹಿಡಿದಿರುತ್ತದೆ, ಹಾಗಾಗಿ ಅದಕ್ಕೆ ಸ್ವಲ್ಪ ತಿರುಗಿದರೂ ಸಾಕು. ಸ್ಲಗ್‌ಗೆ (ನಡು ಸಣ್ಣ ಇಲ್ಲದ, ನೆಟ್ಟಗಿನ ಗುಂಡು) ಆ ಅನುಕೂಲ ಇಲ್ಲ, ಅದು ತಿರುಗುವುದರಿಂದಲೇ ನೆಟ್ಟಗಿರಬೇಕು. ಅತಿ ಜಾಸ್ತಿ ತಿರುಗಿಸಿದರೆ ಪೆಲೆಟ್ ದೂರದಲ್ಲಿ ಸುರುಳಿ ಸುತ್ತಲು ಶುರು ಮಾಡಬಹುದು. ವಾಲಾಡುತ್ತಾ ಹೋಗುವ ಪೆಲೆಟ್ ಗಾಳಿಗೆ ಜಾಸ್ತಿ ಮೈಯೊಡ್ಡುತ್ತದೆ, ಆಗ 40, 50 ಮೀಟರ್‌ನಲ್ಲಿ ಸ್ಪೀಡ್ ಕಡಿಮೆ ಸಿಗುತ್ತದೆ. ಟ್ವಿಸ್ಟ್ ಸ್ಪೀಡನ್ನು ಮುಟ್ಟುವುದಿದ್ದರೆ ಅಲ್ಲಿ. ಬ್ಯಾರೆಲ್ ಬಾಯಿಯಲ್ಲಿ ಅಲ್ಲ.

ತೋಟದಮನೆ_177

ಸರ್, ಟಿಶ್ಯೂ ಹಾರಿ ನನ್ನ ಕನ್ನಡಕಕ್ಕೆ ಅಂಟಿತು!

ಬಿಚ್ಚಿ ನೋಡಿದೆ. ಹೊಸ ಬ್ಯಾರೆಲ್ ಹಿಂದಿನ ಮುಖದಲ್ಲಿ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ, ಅದೇ ಬ್ರೀಚ್ ಸೀಲ್) ಕೂರುವ ತೋಡನ್ನು ಜಾಸ್ತಿ ಆಳವಾಗಿ ಕೊರೆದಿದ್ದಾರೆ. ರಿಂಗ್ ಮುಖಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕಿತ್ತು, ಇಲ್ಲಿ ಒಳಗೇ ಮಲಗಿದೆ. ಮನೆಯವಳಿಗೆ ತೋರಿಸಿದೆ, "ಕುಕ್ಕರ್ ಗ್ಯಾಸ್ಕೆಟ್ ಸಡಿಲ ಆದ ಹಾಗೆ" ಅಂದಳು. ನಾನು ನಾಲ್ಕು ದಿನ ಟ್ವಿಸ್ಟ್ ಟ್ವಿಸ್ಟ್ ಅಂತ ಓದಿದ್ದೇ ಬಂತು.

ಹಳೇ_ಸ್ಪ್ರಿಂಗ್

ಅವರು ಹೇಳಿದ್ದೇ ಸರಿ. ಬಿಸ್ಕತ್ತು ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ತೆಳ್ಳಗೆ ಒಂದು ಬಳೆ ಕತ್ತರಿಸಿ ಓ-ರಿಂಗ್ ಕೆಳಗೆ ಇಡಿ. ಬ್ಯಾರೆಲ್ ಮುಚ್ಚುವಾಗ ಸ್ವಲ್ಪ ಬಿಗಿ ಅನಿಸಬೇಕು, ಜಗ್ಗಾಡಿ ಮುಚ್ಚುವಷ್ಟಲ್ಲ. ಹೊಸ ಬ್ಯಾರೆಲ್‌ನ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಇಲ್ಲದಿದ್ದರೆ ಎಣ್ಣೆ ಹೊತ್ತಿಕೊಂಡು ಸುಳ್ಳು ಸ್ಪೀಡ್ ತೋರಿಸುತ್ತದೆ. ಮೊದಲ ಹತ್ತಿಪ್ಪತ್ತು ಹೊಡೆತ ಲೆಕ್ಕಕ್ಕೆ ಹಿಡಿಯಬೇಡಿ.

ತೋಟದಮನೆ_177

ಆಯಿತು ಸರ್. ಒಂದು ಬಳೆ ಸಾಕಾಗಲಿಲ್ಲ, ಎರಡು ಇಟ್ಟೆ. ಟಿಶ್ಯೂ ಅಲುಗಾಡಲಿಲ್ಲ. ಸರಾಸರಿ 806, ವ್ಯತ್ಯಾಸ 10. ಉಳಿದ 6 ಎಫ್‌ಪಿಎಸ್‌ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ರಾಡ್ ತಳ್ಳಿದಾಗ ಹೊಸದರ ಕೊನೆಯಲ್ಲಿ ಚೋಕ್ ಚೆನ್ನಾಗಿ ಬಿಗಿಯಾಗಿದೆ, ಅದೇ ಇರಬೇಕು.

ಟ್ವಿಸ್ಟ್ ಅಳೆದೆ. ಅರ್ಧ ಸುತ್ತಿಗೆ 8 ಇಂಚು. ಎರಡು ಸಲ ಅಳೆದೆ, ಹಳೇ ಬ್ಯಾರೆಲ್ ತಂದು ಅದನ್ನೂ ಅಳೆದೆ. ಎರಡೂ 16! "12ರ ಟ್ವಿಸ್ಟ್, ಸ್ಪೆಷಲ್" ಅಂತ ಜಾಸ್ತಿ ತೆಗೆದುಕೊಂಡ 600 ರೂಪಾಯಿ ಕೇಳೋಕೆ ಸೋಮವಾರ ಹೋಗುತ್ತಿದ್ದೇನೆ.

ಬಾಟಲಿ_ಗಾಳಿ

ನಾನೂ ರಾತ್ರಿ ಕೂತು ಎರಡೂ ಬ್ಯಾರೆಲ್‌ನಲ್ಲಿ ಪೆಲೆಟ್ ತಳ್ಳಿ ನೋಡಿದೆ. ಒಂದರ ತುದಿಯಲ್ಲಿ ರಾಡ್ ನಿಂತೇಬಿಡುತ್ತದೆ, ಇನ್ನೊಂದರಲ್ಲಿ ಪೆಲೆಟ್ ಜಾರಿ ಟೇಬಲ್ ಮೇಲೆ ಬಿತ್ತು. ಹಳೇ ಸ್ಪ್ರಿಂಗ್ ಸರ್, ಮಾತು ವಾಪಸ್ ತೆಗೆದುಕೊಂಡಿದ್ದೇನೆ.