ಓದಿ ಮುಗಿಸಿದ ಕಾದಂಬರಿ ಮನಸ್ಸಿನಲ್ಲಿ ಉಳಿಯುವುದು ಯಾವುದರಿಂದ?

ವಿಜಯನಗರದ ಓದುಗ

ಎಲ್ಲರಿಗೂ ನಮಸ್ಕಾರ. ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಾನು ಕೆಲಸಕ್ಕಾಗಿ ದಿನವೂ ವಿಜಯನಗರದಿಂದ ಇಂದಿರಾನಗರಕ್ಕೆ ಮೆಟ್ರೋದಲ್ಲಿ ಓಡಾಡುವವನು. ಕುಳಿತುಕೊಳ್ಳಲು ಜಾಗ ಸಿಕ್ಕ ದಿನ ಕಾದಂಬರಿ ಓದುತ್ತೇನೆ. ಕಳೆದ ತಿಂಗಳು ಒಂದು ಪತ್ತೇದಾರಿ ಕಾದಂಬರಿಯಲ್ಲಿ ಎಷ್ಟು ಮುಳುಗಿದ್ದೆನೆಂದರೆ, ಇಳಿಯಬೇಕಾದ ನಿಲ್ದಾಣ ದಾಟಿ ಬೈಯಪ್ಪನಹಳ್ಳಿಯವರೆಗೂ ಹೋಗಿಬಿಟ್ಟಿದ್ದೆ. ಮೂರು ವಾರ ಕಳೆದ ಮೇಲೆ, ಕೊಲೆ ಮಾಡಿದವನು ಯಾರೆಂಬುದೊಂದನ್ನು ಬಿಟ್ಟರೆ ಆ ಪುಸ್ತಕದ ಒಬ್ಬರ ಮುಖವೂ ನನ್ನ ಕಣ್ಣ ಮುಂದೆ ಬರುತ್ತಿಲ್ಲ. ಆದರೆ ಪಿಯುಸಿ ರಜೆಯಲ್ಲಿ, ನಡುನಡುವೆ ಬೇಸರಪಟ್ಟುಕೊಂಡೇ ಓದಿದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮ, ಇಪ್ಪತ್ತು ವರ್ಷಗಳಾದರೂ ನಮ್ಮ ಮನೆಯ ಹಿರಿಯರಲ್ಲಿ ಒಬ್ಬರೆಂಬಂತೆ ಉಳಿದಿದ್ದಾರೆ. ಓದುವಾಗ ಸಿಗುವ ಸಂತೋಷವೂ ಓದಿದ ಮೇಲೆ ಉಳಿಯುವ ನೆನಪೂ ಬೇರೆಬೇರೆಯೇ? ನಿಮ್ಮ ಅನುಭವದಲ್ಲಿ ಹೇಗೆ, ದಯವಿಟ್ಟು ತಿಳಿಸಿ.

ಹನುಮಂತನಗರದ ನಿವೃತ್ತ ಅಧ್ಯಾಪಕಿ

ನಿಮ್ಮ ಪ್ರಶ್ನೆಯ ಉತ್ತರದ ಅರ್ಧ ಭಾಗ ನೀವು ಹೆಸರಿಸಿದ ಕಾದಂಬರಿಯಲ್ಲೇ ಇದೆ ಎಂದು ನನಗೆ ತೋರುತ್ತದೆ. ನಂಜಮ್ಮ ನಿಮ್ಮ ಮನಸ್ಸಿನಲ್ಲಿ ನಿಂತದ್ದು ಆಕೆ ಕಷ್ಟಪಟ್ಟಳೆಂಬ ಕಾರಣಕ್ಕಲ್ಲ. ಕಷ್ಟಪಡುವ ಹೆಣ್ಣುಮಕ್ಕಳು ನಮ್ಮ ಕಾದಂಬರಿಗಳಲ್ಲಿ ನೂರಾರು ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರ ಹೆಸರೂ ನಮಗೆ ನೆನಪಿಲ್ಲ. ನಂಜಮ್ಮ ಏನು ಮಾಡುತ್ತಾಳೆ ಎಂಬುದನ್ನು ಭೈರಪ್ಪನವರು ನಮಗೆ ಬಿಡಿಬಿಡಿಯಾಗಿ ತೋರಿಸುತ್ತಾರೆ. ಗಂಡನಿಗೆ ಬರೆಯಲಾಗದ ಶಾನುಭೋಗಿಕೆಯ ಲೆಕ್ಕವನ್ನು ಆಕೆ ಕಲಿತು ಬರೆಯುತ್ತಾಳೆ, ಮುತ್ತುಗದ ಎಲೆ ತಂದು ಹಚ್ಚಿ ಮಾರುತ್ತಾಳೆ, ಬಂದ ಹಣದಲ್ಲಿ ಮಕ್ಕಳಿಗೆ ಹಿಟ್ಟು ಬೇಯಿಸುತ್ತಾಳೆ. ಆ ಮನೆಗೆ ರಾಗಿ ಎಲ್ಲಿಂದ ಬರುತ್ತದೆ, ಯಾರ ಅವಿವೇಕದಿಂದ ಅದು ಖಾಲಿಯಾಗುತ್ತದೆ ಎಂಬುದು ಓದುಗನಿಗೆ ಆ ಮನೆಯವರಷ್ಟೇ ಚೆನ್ನಾಗಿ ಗೊತ್ತಿರುತ್ತದೆ. ಹೀಗೆ ನೂರಾರು ಪುಟಗಳ ಕಾಲ ಒಲೆಯ ಬಳಿ ಕುಳಿತ ಮೇಲೆ ಪ್ಲೇಗು ಬಂದು ಪಾರ್ವತಿಯನ್ನೂ ರಾಮಣ್ಣನನ್ನೂ ಕೊಂಡೊಯ್ದಾಗ, ಲೇಖಕರು ಅಳು ಎಂದು ಹೇಳಬೇಕಾಗಿಯೇ ಇಲ್ಲ.

ನಿಮಗೆ ನಡುವೆ ಆದ ಬೇಸರವನ್ನೂ ನಾನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ. ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಇದ್ದವರಿಗೆ ಯಾವ ಬಾಗಿಲು ಕಿರುಗುಟ್ಟುತ್ತದೆಂದು ಗೊತ್ತಿರುತ್ತದೆ. ಒಂದು ಮಧ್ಯಾಹ್ನ ಊಟಕ್ಕೆ ಬಂದು ಹೋದವರಿಗೆ ಅದು ತಿಳಿಯುವುದಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಷ್ಟು ಹಳೆಯದು, ಗಾತ್ರದಲ್ಲಿಯೂ ಚಿಕ್ಕದು. ಅಷ್ಟು ಕಡಿಮೆ ಪುಟಗಳಲ್ಲಿ ಅದು ಉಳಿಯುವುದಕ್ಕೆ ಕಾರಣ, ಚೋಮನ ಆಸೆ ಒಂದೇ ಒಂದು, ಅದೂ ಕೈಗೆ ತಾಕುವಂಥದ್ದು: ತನ್ನ ಎತ್ತು ಕಟ್ಟಿ ತಾನೇ ಬೇಸಾಯ ಮಾಡುವ ತುಂಡು ಭೂಮಿ. ತರಗತಿಯಲ್ಲಿ ಇದನ್ನು ಪಾಠ ಮಾಡುವಾಗ, ಚೋಮನಿಗೆ ಏನು ಬೇಕಾಗಿತ್ತು ಎಂದು ಕೇಳಿದರೆ ಕೊನೆಯ ಬೆಂಚಿನ ಹುಡುಗರೂ ಕೈ ಎತ್ತುತ್ತಿದ್ದರು. ಪಾತ್ರಕ್ಕೆ ಏನು ಬೇಕೆಂಬುದು ಓದುಗನಿಗೆ ಇಷ್ಟು ಸ್ಪಷ್ಟವಾಗಿ ಗೊತ್ತಿಲ್ಲದ ಕಾದಂಬರಿಯನ್ನು, ಅದರ ಭಾಷೆ ಎಷ್ಟೇ ಸುಂದರವಾಗಿದ್ದರೂ, ನನ್ನ ವಿದ್ಯಾರ್ಥಿಗಳು ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತಿದ್ದರು.

ಬಡಾವಣೆಯ ಗ್ರಂಥಾಲಯದಲ್ಲಿ ಕೆಲಸ ಮಾಡುವವರು

ಮೇಡಂ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಹತ್ತೊಂಬತ್ತು ವರ್ಷಗಳಿಂದ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಮೇಜಿನಲ್ಲಿ ಕುಳಿತಿರುವ ನಾನು ಗಮನಿಸಿರುವುದೇನೆಂದರೆ, ಹಿಂದೆಂದೋ ಓದಿದ್ದನ್ನು ಮತ್ತೆ ಕೇಳಿಕೊಂಡು ಬರುವವರು ಪುಸ್ತಕದ ಹೆಸರು ಹೇಳುವುದು ಅಪರೂಪ. ‘ಹೆಣ ಸುಡುವುದಕ್ಕೆ ಅಗ್ರಹಾರದವರು ಒಪ್ಪದ ಕಥೆ ಕೊಡಿ’ ಎಂದರೆ ಅನಂತಮೂರ್ತಿಯವರ ‘ಸಂಸ್ಕಾರ’. ‘ಅಜ್ಜಿ ಕಳೆದುಹೋದ ಹುಂಜ ಹುಡುಕುವುದು, ಮನೆಮಂದಿಯೆಲ್ಲ ಕೂತು ಕಡಲೆಕಾಯಿ ತಿನ್ನುವುದು’ ಎಂದರೆ ದೇವನೂರ ಮಹಾದೇವರ ‘ಒಡಲಾಳ’. ಒಮ್ಮೆ ಒಬ್ಬ ಹಿರಿಯರು ಬಂದು, ತುಂಬಿದ ಹೊಳೆಯಲ್ಲಿ ನಾಯಿ ಕೊಚ್ಚಿಹೋಗುವ ಪುಸ್ತಕ ಬೇಕು ಎಂದಷ್ಟೇ ಹೇಳಿ ಸುಮ್ಮನೆ ನಿಂತರು. ನಾನು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ತಂದುಕೊಟ್ಟೆ. ಕಾದಂಬರಿ ಪ್ರಕಟವಾದದ್ದು 1967ರಲ್ಲಿ, ಅವರು ಓದಿದ್ದು ಕಾಲೇಜಿನ ದಿನಗಳಲ್ಲಂತೆ. ಅಷ್ಟು ದೊಡ್ಡ ಗ್ರಂಥದ ಅಷ್ಟೊಂದು ಮನುಷ್ಯರ ನಡುವೆ ಅವರ ಮನಸ್ಸಿನಲ್ಲಿ ಮೊದಲು ನಿಂತದ್ದು ಗುತ್ತಿಯ ನಾಯಿ ಹುಲಿಯ.

ಇನ್ನೊಂದು ಮಾತು. ಆ ಪುಸ್ತಕದ ನಮ್ಮಲ್ಲಿರುವ ಹಳೆಯ ಪ್ರತಿಯಲ್ಲಿ ಮೊದಲ ನೂರು ಪುಟಗಳ ಅಂಚು ಕಪ್ಪಾಗಿದೆ, ಮುಂದಿನ ಪುಟಗಳು ಬಿಳಿಯಾಗಿಯೇ ಇವೆ. ಅನೇಕರು ನಡುದಾರಿಯಲ್ಲಿ ಬಿಟ್ಟಿದ್ದಾರೆಂದು ಇದರಿಂದ ತಿಳಿಯುತ್ತದೆ. ಆದರೆ ಕೊನೆಯವರೆಗೆ ಹೋದವರು ಅದನ್ನು ಎರಡನೆಯ ಸಲ ಕೇಳದೆ ಬಿಟ್ಟಿಲ್ಲ.

ದಾಸರಹಳ್ಳಿಯಿಂದ, ವಿಜಯಪುರದ ಕಡೆಯವನು

ಹಿರಿಯರಿಬ್ಬರೂ ಪಾತ್ರ ಮತ್ತು ಪ್ರಸಂಗಗಳ ಬಗ್ಗೆ ಹೇಳಿದ್ದೀರಿ. ಮಾತಿನ ದನಿಯ ಬಗ್ಗೆ ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ಭಾಷೆ ಸುಂದರವಾಗಿದ್ದರೂ ಮರೆತುಹೋಗುತ್ತದೆ ಎಂಬ ಮೇಡಂ ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ದೇವನೂರರ ‘ಕುಸುಮಬಾಲೆ’ಯನ್ನು ನಾನು ಎರಡು ಸಲ ಹಿಡಿದು ಎರಡು ಸಲವೂ ಕೈಬಿಟ್ಟಿದ್ದೆ. ನಂಜನಗೂಡು ಸೀಮೆಯ ಆಡುಮಾತು ನಮ್ಮ ಕಡೆಯವರ ಕಿವಿಗೆ ಸುಲಭವಾಗಿ ಬೀಳುವುದಿಲ್ಲ. ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುವ ಆ ಸೀಮೆಯ ಗೆಳೆಯನೊಬ್ಬ ಊಟದ ಬಿಡುವಿನಲ್ಲಿ ಅದರ ಕೆಲವು ಪುಟಗಳನ್ನು ಗಟ್ಟಿಯಾಗಿ ಓದಿದಾಗ, ಕಣ್ಣಿಗೆ ಕಲ್ಲಿನಂತಿದ್ದ ಸಾಲುಗಳು ಹಾಡಿನಂತೆ ಕೇಳಿಸಿದವು. ಇರುಳಿನಲ್ಲಿ ಜೋತಮ್ಮಂದಿರು, ಅಂದರೆ ಮನೆಮನೆಯ ದೀಪದ ಜೀವಗಳು, ಕೂಡಿ ಮಾತನಾಡುವ ಭಾಗವನ್ನು ಅವನು ಓದುವಾಗ ಪಕ್ಕದ ಮೇಜಿನವರೂ ಊಟ ನಿಲ್ಲಿಸಿ ಕೇಳಿದರು. ಕಥೆಯ ಎಳೆಗಳನ್ನು ಸರಿಯಾಗಿ ಹೇಳೆಂದರೆ ಇವತ್ತು ನನ್ನಿಂದಾಗದು, ಆದರೆ ಆ ದನಿ ಕಿವಿಯಿಂದ ಹೋಗಿಲ್ಲ. ಅದನ್ನೂ ನೆನಪೆಂದೇ ಎಣಿಸಬೇಕಲ್ಲವೇ?

ಜಯನಗರದ ಓದುಗಿ

ಪತ್ತೇದಾರಿ ಕಾದಂಬರಿಯ ಪರವಾಗಿಯೂ ಯಾರಾದರೂ ಮಾತನಾಡಬೇಕು. ನಿಲ್ದಾಣ ದಾಟಿಹೋಗುವಷ್ಟು ಮೈಮರೆಸಿದ ಪುಸ್ತಕವನ್ನು ಮರೆತಿದ್ದೀರೆಂದು ಅದನ್ನು ಕೀಳಾಗಿ ಕಾಣಬೇಡಿ. ಮುಂದೇನು ಎಂಬ ಕುತೂಹಲವೇ ನಮ್ಮಲ್ಲಿ ಹಲವರನ್ನು ಓದಿಗೆ ಹಚ್ಚಿದ್ದು. ನನ್ನ ತಾಯಿ ವಾರಪತ್ರಿಕೆಯ ಧಾರಾವಾಹಿಗಾಗಿ ಏಳು ದಿನ ಕಾಯುತ್ತಿದ್ದರು. ಪ್ರಶ್ನೆಗೆ ಉತ್ತರ ಪೂರ್ತಿಯಾಗಿ ಸಿಕ್ಕಿಬಿಟ್ಟರೆ ಮನಸ್ಸು ಅದನ್ನು ಕೆಳಗಿಳಿಸುತ್ತದೆ, ಅಷ್ಟೇ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನಮ್ಮ ಬೆಂಗಳೂರಿನದೇ ಕಥೆ, ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕದು. ಗಾಳಿಪಟದ ದಾರ ಸಿಕ್ಕಾದಾಗ ಮಕ್ಕಳು ಕಟ್ಟಿದ ಅರ್ಥವಿಲ್ಲದ ಪದ ಅದರ ಹೆಸರಾಗಿದೆ. ಕೊನೆಯಲ್ಲಿ ಏನಾಗಿರಬಹುದೆಂಬ ಭಯವನ್ನು ಲೇಖಕರು ಬಿಡಿಸಿ ಹೇಳದೆ ನಮ್ಮ ಕೈಗೇ ಕೊಟ್ಟುಬಿಡುತ್ತಾರೆ. ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಈಗಲೂ ಮನೆಯಲ್ಲಿ ಇರುವೆ ಸಾಲು ಕಂಡರೆ, ಇರುವೆಗಳ ಕಾಟದ ನಡುವೆ ಬದುಕಿದ ಆ ಕಥೆಯ ಸಂಸಾರ ನೆನಪಾಗುತ್ತದೆ.

ವಿಜಯನಗರದ ಓದುಗ

ಇಷ್ಟು ಮನಸ್ಸಿಟ್ಟು ಬರೆದ ನಿಮಗೆಲ್ಲ ಕೃತಜ್ಞತೆಗಳು. ಗ್ರಂಥಾಲಯದ ಮಿತ್ರರ ಮಾತು ಓದಿದ ಮೇಲೆ, ನನ್ನ ನೆನಪು ಎಷ್ಟು ನಿಜವೆಂದು ನೋಡಬೇಕೆನಿಸಿ, ಭಾನುವಾರ ಗಾಂಧಿ ಬಜಾರಿಗೆ ಹೋಗಿ ತೇಜಸ್ವಿಯವರ ‘ಕರ್ವಾಲೊ’ ಕೊಂಡು ತಂದು ಹದಿನೈದು ವರ್ಷಗಳ ಮೇಲೆ ಮತ್ತೆ ಓದಿದೆ. ಯಾರು ಕೇಳಿದರೂ ಅದು ಹಾರುವ ಓತಿಯ ಕಾದಂಬರಿ ಎಂದು ಹೇಳಿಕೊಂಡು ಬಂದಿದ್ದವನು ನಾನು. ಓದುತ್ತಾ ಹೋದರೆ ಪುಟಗಳ ತುಂಬಾ ಇರುವುದು ಜೇನು, ಮಂದಣ್ಣನ ಮದುವೆಯ ಹಂಬಲ, ಅವನ ಮೇಲಿನ ಮೊಕದ್ದಮೆ. ಓತಿ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಕಟ್ಟಕಡೆಯಲ್ಲಿ, ಅದೂ ಯಾರ ಕೈಗೂ ಸಿಗದೆ ಕಣಿವೆಯತ್ತ ತೇಲಿಹೋಗುವುದಕ್ಕೆ. ಮೇಡಂ ಹೇಳಿದ ಮನೆಯ ಬಳಕೆ, ಜಯನಗರದವರು ಹೇಳಿದ ಉಳಿದುಹೋದ ಪ್ರಶ್ನೆ, ಎರಡೂ ಇದರಲ್ಲಿವೆ. ಅಷ್ಟೂ ಪುಟ ಮಂದಣ್ಣನ ಜೊತೆ ಅಲೆಯದೆ ಹೋಗಿದ್ದರೆ ಆ ಓತಿ ಕೈತಪ್ಪಿದ್ದು ನನಗೆ ಅಷ್ಟು ತಾಕುತ್ತಿರಲಿಲ್ಲವೇನೋ. ಈಗ ಕೈಯಲ್ಲಿರುವುದು ‘ಕುಸುಮಬಾಲೆ’. ದಾಸರಹಳ್ಳಿಯ ಮಿತ್ರರ ಮಾತಿನಂತೆ ಗಟ್ಟಿಯಾಗಿ ಓದಬೇಕಾದ್ದರಿಂದ ಅದನ್ನು ಮೆಟ್ರೋಗೆ ಒಯ್ಯುತ್ತಿಲ್ಲ. ರಾತ್ರಿ ಊಟವಾದ ಮೇಲೆ ದಿನಕ್ಕೆ ನಾಲ್ಕು ಪುಟದಂತೆ ಮಗಳಿಗೆ ಓದಿ ಹೇಳುತ್ತಿದ್ದೇನೆ.