‘ರೋಗಿಗಳ ಕಾಳಜಿ’ ಅಂದರೆ ಯಾರ ಕಾಳಜಿ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳಲು ಬಂದಿದ್ದೇನೆ. ಕೇಳುತ್ತಾ ಹೋದರೆ ನಾಲ್ಕೈದು ಆಗಬಹುದು, ಬೈಯಬೇಡಿ.

ಕೆಲಸ ಏನೆಂದರೆ, ಕ್ಯಾನ್ಸರ್‌ಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು ತಮ್ಮದೇ ಮಾತಿನಲ್ಲಿ ಹೇಳಿದ್ದನ್ನು, ಬರೆದದ್ದನ್ನು ಕಂಪ್ಯೂಟರ್ ಓದಬೇಕು. ಓದಿ, ಇವರಿಗೆ ಔಷಧದಿಂದ ಏನಾಗುತ್ತಿದೆ, ಮನಸ್ಸಿನಲ್ಲಿ ಏನು ಕೊರೆಯುತ್ತಿದೆ ಅಂತ ವಿಂಗಡಿಸಬೇಕು. ಅದಕ್ಕೂ ಮೊದಲು ನಮ್ಮಂಥವರು ಕೂತು ಒಂದೊಂದೇ ವಾಕ್ಯಕ್ಕೆ ಗುರುತು ಹಾಕಬೇಕು. ಇದರಲ್ಲಿ ವಾಂತಿ ಇದೆ, ಇದರಲ್ಲಿ ಭಯ ಇದೆ, ಇದರಲ್ಲಿ ಎರಡೂ ಇಲ್ಲ, ಹೀಗೆ. ಆ ಗುರುತುಗಳನ್ನು ನೋಡಿ ಸಾಫ್ಟ್‌ವೇರ್ ಕಲಿಯುತ್ತದೆ. ಗುರುತಿನ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ ಬಂದವು. ಕನ್ನಡ ಮಾಡಿಕೊಡುವುದು ನನ್ನ ಪಾಲಿಗೆ ಬಿತ್ತು.

(ಕೆಳಗಿನ ವಾಕ್ಯಗಳೆಲ್ಲ ನಾನೇ ಕಟ್ಟಿದವು. ರೋಗಿಗಳ ಮಾತನ್ನು ಹಾಗೇ ಎತ್ತಿ ಹೊರಗೆ ಹಾಕುವಂತಿಲ್ಲ. ಆದರೆ ಧಾಟಿ ಅದೇ.)

ಮೊದಲ ಹೆಸರಿಗೇ ಎಡವಿದೆ. ‘ಪೇಷೆಂಟ್ ಕನ್ಸರ್ನ್ಸ್’. ನನಗಿಂತ ಮೊದಲು ಯಾರೋ ‘ರೋಗಿಗಳ ಕಾಳಜಿ’ ಅಂತ ಹಾಕಿ ಹೋಗಿದ್ದರು. ಕಾಳಜಿ ಅಂದರೆ ನಾವು ಏನು ಅಂದುಕೊಳ್ಳುತ್ತೇವೆ? ಅಕ್ಕರೆಯಿಂದ ನೋಡಿಕೊಳ್ಳುವುದು, ಗಮನ ಕೊಡುವುದು. ‘ಮಗಳು ಅಪ್ಪನನ್ನು ತುಂಬ ಕಾಳಜಿಯಿಂದ ನೋಡಿಕೊಂಡಳು.’ ಹಾಗಾಗಿ ‘ರೋಗಿಗಳ ಕಾಳಜಿ’ ಅಂದರೆ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಅಂತಲೇ ಕೇಳುತ್ತದೆ. ಗುರುತು ಹಾಕುವವರೊಬ್ಬರು ಹಾಗೇ ಓದಿಕೊಂಡರು. ‘ನರ್ಸ್ ತುಂಬ ಚೆನ್ನಾಗಿ ನೋಡ್ಕೋತಾರೆ’ ಅನ್ನುವ ವಾಕ್ಯಕ್ಕೆ ‘ಕಾಳಜಿ’ ಗುರುತು ಬಿದ್ದಿತ್ತು. ‘ಇದು ನನ್ನ ಮಕ್ಕಳಿಗೂ ಬರತ್ತಾ?’ ಅನ್ನುವ ವಾಕ್ಯ ಖಾಲಿ ಉಳಿದಿತ್ತು. ಅವರನ್ನು ಏನಂತ ಅನ್ನೋದು? ತಪ್ಪು ಪದದ್ದು.

ಇಲ್ಲಿ ಕೆಲವರು ತಕರಾರು ತೆಗೆಯುತ್ತೀರಿ ಅಂತ ಗೊತ್ತು. ಉತ್ತರ ಕರ್ನಾಟಕದ ಮಾತಿನಲ್ಲಿ ‘ಕಾಳಜಿ ಮಾಡಬ್ಯಾಡ್ರಿ’ ಅಂದರೆ ‘ಚಿಂತೆ ಮಾಡಬೇಡಿ’ ಅಂತಲೇ. ಮರಾಠಿಯ ಕಾಳಜಿಗೂ ಎರಡೂ ಅರ್ಥ ಇದೆ. ಒಪ್ಪಿದೆ. ಆದರೆ ಎರಡು ಅರ್ಥ ಇದೆ ಅನ್ನುವುದೇ ನನಗೆ ಕಷ್ಟ. ಗುರುತಿನ ಹೆಸರನ್ನು ಯಾರು ಓದಿದರೂ ಒಂದೇ ಅರ್ಥ ಬರಬೇಕು.

ಚಿಂತೆ? ಹತ್ತಿರ ಇದೆ. ಆದರೆ ‘ಕೂದಲು ಮತ್ತೆ ಬರತ್ತಾ’, ‘ಕೆಲಸಕ್ಕೆ ಯಾವಾಗಿಂದ ಹೋಗಬಹುದು’ ಎನ್ನುವವರು ಚಿಂತೆಯಲ್ಲೇ ಇದ್ದಾರೆ ಅಂತ ಹೇಳಲಾಗದು. ಸುಮ್ನೆ ತಿಳಿದುಕೊಳ್ಳಬೇಕು, ಅಷ್ಟೇ. ಆತಂಕ ಅನ್ನೋಣ ಅಂದರೆ ಅದು ಆಗಲೇ ‘ಆಂಕ್ಸೈಟಿ’ಗೆ ಹೋಗಿಬಿಟ್ಟಿದೆ. ಅಳಲು ಪತ್ರಿಕೆಯ ತಲೆಬರಹಕ್ಕೆ ಚೆನ್ನ. ದುಗುಡ ಮುಖದ ಮೇಲೆ ಕಾಣುವಂಥದ್ದು, ಪ್ರಶ್ನೆಯಾಗಿ ಬರುವಂಥದ್ದಲ್ಲ. ಕಳವಳ ಪರವಾಗಿಲ್ಲ, ಆದರೆ ಸ್ವಲ್ಪ ಮೇಲ್ಮಟ್ಟದ ಮಾತಾಯಿತು.

ಇಷ್ಟು ಜಗ್ಗಾಡುವುದು ಯಾಕೆ ಅಂತ ಅನ್ನಿಸಬಹುದು. ಇಂಗ್ಲಿಷಿನವರೂ ಜಗ್ಗಾಡಿದ್ದಾರೆ. ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಕೂಟವಾದ ಎನ್‌ಸಿಸಿಎನ್ ರೋಗಿಗಳ ಕೈಗೆ 0ಯಿಂದ 10ರವರೆಗಿನ ಒಂದು ಅಳತೆಪಟ್ಟಿ ಕೊಡುತ್ತದೆ. ಅದರಲ್ಲಿ ‘ಡಿಸ್ಟ್ರೆಸ್’ (ಸಂಕಟ) ಅನ್ನುವ ಪದವನ್ನು ಬೇಕೆಂದೇ ಆರಿಸಿಕೊಂಡರು. ಮನೋರೋಗದ ಪದ ಬಳಸಿದರೆ ಜನ ಬಾಯಿ ಬಿಡುವುದಿಲ್ಲ, ಇದನ್ನಾದರೆ ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾರೆ ಅಂತ.

ಸದ್ಯಕ್ಕೆ ನಾನು ‘ರೋಗಿಯನ್ನು ಕಾಡುವ ವಿಷಯ’ ಅಂತ ಹಾಕಿದ್ದೇನೆ. ಕಾಡುವುದು ಒಳ್ಳೆಯ ಕ್ರಿಯಾಪದ. ನೋವೂ ಕಾಡುತ್ತದೆ, ಪ್ರಶ್ನೆಯೂ ಕಾಡುತ್ತದೆ, ಸಾಲವೂ ಕಾಡುತ್ತದೆ. ಮೂರು ಪದ ಆಯಿತು ಅನ್ನುವುದೊಂದೇ ಕೊರಗು. ಒಂದೇ ಪದ ಹೊಳೆದರೆ ಹೇಳಿ.

ಅಡ್ಡ ಪರಿಣಾಮದ ವಿಷಯದಲ್ಲಿ ಜಗಳ ಇಲ್ಲ. ಪದ ನಿಂತುಬಿಟ್ಟಿದೆ. ಆದರೆ ವೈದ್ಯರ ಪಟ್ಟಿಯಲ್ಲಿ ಇರುವುದು ‘ಅಡ್ವರ್ಸ್ ಇವೆಂಟ್’. ಚಿಕಿತ್ಸೆ ನಡೆಯುವಾಗ ಬಂದ ಯಾವುದೇ ತೊಂದರೆ ಅದು. ಔಷಧದಿಂದಲೇ ಬಂದಿರಬೇಕು ಅಂತಿಲ್ಲ. ಅಡ್ಡ ಪರಿಣಾಮ ಅಂದ ಕೂಡಲೇ ಕಾರಣ ಔಷಧ ಅಂತ ತೀರ್ಪು ಕೊಟ್ಟ ಹಾಗಾಯಿತು. ‘ಪ್ರತಿಕೂಲ ಘಟನೆ’ ಅನ್ನುವುದು ಎಲ್ಲೋ ಬಸ್ಸು ಮಗುಚಿದ ಹಾಗೆ ಕೇಳುತ್ತದೆ. ‘ಚಿಕಿತ್ಸೆ ವೇಳೆಯ ತೊಂದರೆ’ ಅಂತ ಬರೆದು ಮುಂದೆ ಹೋದೆ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ.

ಈ ತೊಂದರೆಗಳಿಗೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಒಂದು ಪಟ್ಟಿ ಇದೆ, ಸಿಟಿಸಿಎಇ ಅಂತ. ಐದನೇ ಆವೃತ್ತಿ 2017ರಲ್ಲಿ ಬಂತು. ತೊಂದರೆ ಎಷ್ಟು ಜಾಸ್ತಿ ಅನ್ನುವುದಕ್ಕೆ 1ರಿಂದ 5ರವರೆಗೆ ದರ್ಜೆ. ಅದರಲ್ಲಿ ‘ಫಟೀಗ್’ ನೋಡಿ. ವಿಶ್ರಾಂತಿ ತೆಗೆದುಕೊಂಡರೆ ಹೋಗುವುದು ಮೊದಲ ದರ್ಜೆ. ವಿಶ್ರಾಂತಿಗೂ ಹೋಗದೆ, ಅಡುಗೆ, ಖರೀದಿಯಂಥ ಕೆಲಸಕ್ಕೆ ಅಡ್ಡ ಬಂದರೆ ಎರಡನೆಯದು. ಸ್ನಾನ ಮಾಡಲು, ಬಟ್ಟೆ ಹಾಕಿಕೊಳ್ಳಲು ಕೂಡ ಆಗದಿದ್ದರೆ ಮೂರನೆಯದು.

ಪದಕೋಶ ತೆಗೆದರೆ ದಣಿವು, ಆಯಾಸ, ಬಳಲಿಕೆ, ಸುಸ್ತು, ನಿಶ್ಶಕ್ತಿ, ನಿತ್ರಾಣ ಎಲ್ಲವೂ ಒಂದೇ ಅನ್ನುವ ಹಾಗೆ ಸಾಲಾಗಿ ಕೂತಿರುತ್ತವೆ. ಬಾಯಲ್ಲಿ ಒಂದೇನಾ? ನನ್ನ ಕಿವಿಗೆ ಅಲ್ಲ. ದಣಿವು ದುಡಿದದ್ದಕ್ಕೆ ಬರುತ್ತದೆ, ಕೂತರೆ ಆರುತ್ತದೆ. ‘ದಣಿವಾರಿಸಿಕೊಳ್ಳುವುದು’ ಅಂತಲೇ ಮಾತಿದೆ. ಬಳಲಿಕೆ ಸುಮ್ನೆ ಕೂತಿದ್ದರೂ ಇರುತ್ತದೆ. ನಿತ್ರಾಣ ಅಂದರೆ ಎದ್ದು ನಿಲ್ಲಲೂ ಆಗದು. ಅಂದರೆ ಆ ಪಟ್ಟಿಯ ಮೂರು ದರ್ಜೆ ಈ ಮೂರು ಪದಗಳಲ್ಲಿ ಆಗಲೇ ಇದೆ, ಅಲ್ವಾ? ಆದರೆ ಜನ ಹೇಳುವುದು ಇದ್ಯಾವುದನ್ನೂ ಅಲ್ಲ, ‘ಸುಸ್ತು’. ಮೆಟ್ಟಿಲು ಹತ್ತಿದರೂ ಸುಸ್ತು, ಮೂರು ದಿನ ಹಾಸಿಗೆಯಿಂದ ಏಳದಿದ್ದರೂ ಸುಸ್ತು. ಅದಕ್ಕೇ ದರ್ಜೆಯನ್ನು ಹೆಸರಿನಲ್ಲಿ ಹುಡುಕುವುದು ಬಿಟ್ಟು ಪಕ್ಕದ ಮಾತಿನಲ್ಲಿ ಹುಡುಕಬೇಕಾಯಿತು. ‘ಸುಸ್ತು, ಸ್ವಲ್ಪ ಮಲಗಿದ್ರೆ ಸರಿಹೋಗತ್ತೆ.’ ‘ಸುಸ್ತು, ತಲೆ ಬಾಚ್ಕೊಳ್ಳೋಕೆ ಕೈ ಎತ್ತಕ್ಕೇ ಆಗಲ್ಲ.’ ಸುಸ್ತು ಎರಡರಲ್ಲೂ ಒಂದೇ. ಮನುಷ್ಯರ ಸ್ಥಿತಿ ಒಂದೇ ಅಲ್ಲ.

ಜೋಮೂ ಹಾಗೇ. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲ್ಯಾಟಿನ್, ವಿನ್‌ಕ್ರಿಸ್ಟೀನ್‌ನಂಥ ಔಷಧಗಳು ಕೈಕಾಲಿನ ತುದಿಯ ನರಗಳಿಗೆ ಪೆಟ್ಟು ಕೊಡಬಹುದು. ಇಂಗ್ಲಿಷಿನಲ್ಲಿ ಅದಕ್ಕೆ ‘ನಂಬ್‌ನೆಸ್’ ಬೇರೆ, ‘ಟಿಂಗ್ಲಿಂಗ್’ ಬೇರೆ. ನಮ್ಮ ಜೋಮಿನಲ್ಲಿ ಎರಡೂ ಸೇರಿವೆ. ಮರಗಟ್ಟುವುದು ಮೊದಲನೆಯದು, ಚುಮುಚುಮು ಎರಡನೆಯದು ಅಂತ ಬೇರೆ ಮಾಡಿದ್ದೇನೆ. ಸರಿಯೇ? ಈ ಚುಮುಚುಮು, ಬಾಯಲ್ಲಿ ಚುರುಚುರು, ಅಂಗಾಲಲ್ಲಿ ಭಗಭಗ ಇವುಗಳಿಗೆ ಇನ್ನೊಂದು ಗಂಡಾಂತರವೂ ಇತ್ತು. ಪಠ್ಯ ‘ಶುಚಿ’ ಮಾಡುವ ಹಂತದಲ್ಲಿ, ಒಂದೇ ಚೂರು ಎರಡು ಸಲ ಬಂದರೆ ಕೈತಪ್ಪು ಅಂತ ಒಂದನ್ನು ಅಳಿಸುವ ನಿಯಮ ಹಾಕಿದ್ದರು. ‘ಕೈ ಚುಮು ಅಂತಿದೆ’ ಅಂತ ಓದಿದ ಮೇಲೇ ನಮಗೆ ಗೊತ್ತಾಗಿದ್ದು.

ಇನ್ನು ತೊಂದರೆಯ ಹೆಸರೇ ಇಲ್ಲದ ವಾಕ್ಯಗಳೂ ಇವೆ. ‘ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿದಿದ್ದೂ ಗೊತ್ತಾಗ್ಲಿಲ್ಲ.’ ‘ಅಂಗಿ ಗುಂಡಿ ಹಾಕೋಕೆ ಮಗನ್ನ ಕರೀಬೇಕು.’ ಪದ ಹುಡುಕುವ ಸಾಫ್ಟ್‌ವೇರ್‌ಗೆ ಇಲ್ಲಿ ಚಪ್ಪಲಿ ಕಾಣುತ್ತದೆ, ಅಂಗಿ ಕಾಣುತ್ತದೆ. ವೈದ್ಯರಿಗೆ ಕಾಣುವುದು ನರ.

ಎಲ್ಲಕ್ಕಿಂತ ಜಾಸ್ತಿ ಕಾಡಿಸಿದ್ದು ನಮ್ಮ ‘ಇಲ್ಲ’.

2001ರಲ್ಲಿ ಬಂದ ನೆಗ್‌ಎಕ್ಸ್ ಅನ್ನುವ ವಿಧಾನ ಈ ಕ್ಷೇತ್ರದಲ್ಲಿ ಹೆಸರುವಾಸಿ. ವೈದ್ಯರ ಟಿಪ್ಪಣಿಯಲ್ಲಿ ‘ನೋ’, ‘ವಿದೌಟ್’, ‘ಡಿನೈಸ್’ ಅನ್ನುವಂಥ ಪದಗಳನ್ನು ಅದು ಹುಡುಕುತ್ತದೆ. ಅದರ ಆಸುಪಾಸಿನ ಕೆಲವು ಪದಗಳೊಳಗೆ ಕಾಯಿಲೆಯ ಲಕ್ಷಣ ಸಿಕ್ಕರೆ, ಈ ಲಕ್ಷಣ ರೋಗಿಗೆ ಇಲ್ಲ ಅಂತ ಬರೆದುಕೊಳ್ಳುತ್ತದೆ. ಸರಳ, ಇಂಗ್ಲಿಷಿಗೆ ಚೆನ್ನಾಗಿ ಹೊಂದಿತು. (‘ತನಗೆ ಇಲ್ಲ ಅನ್ನುತ್ತಾರೆ’ ಅನ್ನುವ ಅರ್ಥದ ಆ ‘ಡಿನೈಸ್’ ಅನ್ನು ಯಂತ್ರಾನುವಾದಕ್ಕೆ ಕೊಟ್ಟರೆ ‘ರೋಗಿಯು ವಾಕರಿಕೆಯನ್ನು ನಿರಾಕರಿಸುತ್ತಾರೆ’ ಅಂತ ಬಂತು. ಯಾರೋ ತಟ್ಟೆಯಲ್ಲಿಟ್ಟು ಕೊಟ್ಟಿದ್ದನ್ನು ಬೇಡ ಅಂದ ಹಾಗೆ. ಮುಂದಿನ ಸಾಲಿನಲ್ಲಿ ಅವರೇ ತಲೆನೋವಿನ ಮೇಲೆ ದೂರು ಕೊಟ್ಟಿದ್ದರು.)

ಇದೇ ಲೆಕ್ಕದಲ್ಲಿ ನಾವು ‘ಇಲ್ಲ’ ಕಂಡರೆ ತೊಂದರೆ ಇಲ್ಲ ಅಂತ ನಿಯಮ ಮಾಡಿದೆವು. ಆಮೇಲೆ ಬಂದ ವಾಕ್ಯಗಳು: ಊಟ ಸೇರ್ತಿಲ್ಲ. ನಿದ್ದೆ ಬರ್ತಿಲ್ಲ. ಬಾಯಿಗೆ ರುಚಿ ಇಲ್ಲ. ಮೈಯಲ್ಲಿ ಶಕ್ತಿನೇ ಇಲ್ಲ. ಯಾವುದರ ಮೇಲೂ ಮನಸ್ಸಿಲ್ಲ. ನಿಯಮದ ಪ್ರಕಾರ ಇವರೆಲ್ಲ ಆರಾಮಾಗಿದ್ದಾರೆ!

ಕನ್ನಡದಲ್ಲಿ ಎಷ್ಟೋ ತೊಂದರೆಗೆ ಹೆಸರು ಇಲ್ಲ, ‘ಇಲ್ಲ’ವೇ ಹೆಸರು. ‘ಹಸಿವಿನ ಕೊರತೆ’ ಅಂತ ಯಾರೂ ಹೇಳಲ್ಲ, ಊಟ ಸೇರಲ್ಲ ಅಂತಾರೆ. ಅಷ್ಟೇ ಆಗಿದ್ದರೆ ನಿಯಮವನ್ನು ತಲೆಕೆಳಗು ಮಾಡಿದರೆ ಸಾಕಿತ್ತು. ಆದರೆ ‘ವಾಂತಿ ಆಗ್ಲಿಲ್ಲ’ ಒಳ್ಳೆಯ ಸುದ್ದಿ, ‘ವಾಂತಿ ನಿಂತಿಲ್ಲ’ ಕೆಟ್ಟ ಸುದ್ದಿ. ‘ನೋವಿಲ್ಲದ ದಿನ ಇಲ್ಲ’ದಲ್ಲಿ ಎರಡು ಇಲ್ಲ ಸೇರಿ ದಿನಾ ನೋವು. ‘ವಾಂತಿ ಬಂದ ಹಾಗಾಗತ್ತೆ, ಬರಲ್ಲ’ ಅನ್ನುವುದರಲ್ಲಿ ಮೊದಲರ್ಧ ವಾಕರಿಕೆ ಇದೆ ಅನ್ನುತ್ತದೆ, ಉಳಿದರ್ಧ ವಾಂತಿ ಇಲ್ಲ ಅನ್ನುತ್ತದೆ. ವಾಕರಿಕೆ ಅನ್ನುವ ಪದ ಮಾತ್ರ ಎಲ್ಲೂ ಇಲ್ಲ.

ಈಗಿನ ಸಾಫ್ಟ್‌ವೇರ್‌ಗಳು ಇಂಥ ನಿಯಮಗಳ ಮೇಲೆ ನಿಂತಿಲ್ಲ, ನಿಜ. 2018ರಲ್ಲಿ ಬಂದ, ಭಾಷೆ ಓದಲು ಕಲಿತ ಬರ್ಟ್ ಅನ್ನುವ ಸಾಫ್ಟ್‌ವೇರ್ ಇಡೀ ವಾಕ್ಯವನ್ನು ಹಿಂದುಮುಂದು ಒಟ್ಟಿಗೆ ನೋಡುತ್ತದೆ. ಅದರ ಬಹುಭಾಷಾ ರೂಪ ಕಲಿತ 104 ಭಾಷೆಗಳಲ್ಲಿ ಕನ್ನಡವೂ ಇದೆ. ಆದರೆ ಅದು ಕಲಿತದ್ದು ವಿಕಿಪೀಡಿಯದ ಕನ್ನಡ. ಅಲ್ಲಿ ‘ಸೇರುತ್ತಿಲ್ಲ’ ಸಿಗಬಹುದು. ‘ಸೇರ್ತಿಲ್ಲ’, ‘ಸೇರ್ತಾನೇ ಇಲ್ಲ’, ‘ಸೇರವಲ್ದು’ ಎಲ್ಲಿ ಸಿಗಬೇಕು? ಕೊನೆಯದರಲ್ಲಂತೂ ‘ಇಲ್ಲ’ ಅನ್ನುವ ಅಕ್ಷರಗಳೇ ಇಲ್ಲ. ಕೊನೆಗೆ ಎಲ್ಲವೂ ನಾವು ಗುರುತು ಹಾಕಿ ತೋರಿಸಿದ್ದರ ಮೇಲೆಯೇ ನಿಲ್ಲುತ್ತದೆ.

‘ಊಟ ಸೇರ್ತಿಲ್ಲ’ ಜಾತಿಯ ವಾಕ್ಯಗಳಿಗೆ ಒಂದು ಗುರುತು ಬೇಕು. ‘ಇಲ್ಲದ ತೊಂದರೆ’ ಅಂತ ಬರೆದೆ. ಬೇಕಿಲ್ಲದೆ ಮೈಮೇಲೆ ಎಳೆದುಕೊಂಡ ತೊಂದರೆ ಅಂತ ಆಯಿತು. ಅಳಿಸಿ ‘ಕೊರತೆ’ ಅಂತ ಹಾಕಿದೆ. ವ್ಯಾಕರಣ ಬಲ್ಲವರು ದಯವಿಟ್ಟು ನೋಡಿ.

ಅಂಕಿಯದೂ ಒಂದು ತಮಾಷೆ. ಭೇದಿಗೆ ಸಿಟಿಸಿಎಇ ಪಟ್ಟಿ ಎಣಿಕೆ ಕೇಳುತ್ತದೆ. ದಿನಕ್ಕೆ ಮಾಮೂಲಿಗಿಂತ ಜಾಸ್ತಿಯಾದದ್ದು 4 ಸಲಕ್ಕಿಂತ ಕಡಿಮೆ ಇದ್ದರೆ ಮೊದಲ ದರ್ಜೆ, 4ರಿಂದ 6 ಎರಡನೆಯದು, 7 ಅಥವಾ ಮೇಲೆ ಮೂರನೆಯದು. ನಮ್ಮವರು ಹೇಳುವುದು ‘ಮೂರ್ನಾಲ್ಕು ಸಲ’, ‘ಆರೇಳು ಸಲ’. ಬೇಕಂತಲೇ ಮಾಡಿದ ಹಾಗೆ ಎರಡೂ ಗಡಿಯ ಮೇಲೇ ಕೂತಿವೆ. ಇದಕ್ಕೆ ಪದ ಸಾಲದು, ತಿರುಗಿ ಕೇಳಲೇಬೇಕು.

ಹುಡುಗಾಟದ್ದಲ್ಲದ ಒಂದು ಪದವನ್ನೂ ಕೇಳಬೇಕು. ‘ಒಳಜ್ವರ’. ಕೀಮೋದಲ್ಲಿ ಬಿಳಿ ರಕ್ತಕಣ ಕಡಿಮೆಯಾಗಿರುವಾಗ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಅಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಆದರೆ ಸ್ತನ ಕ್ಯಾನ್ಸರ್‌ನ ಔಷಧವಾದ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದ ಹಾಗೆ ಮೈ ಬಿಸಿಯೇರಿ, ಬೆವರಿ, ಇಳಿದುಹೋಗುವುದೂ ಉಂಟು. ಅದು ಜ್ವರ ಅಲ್ಲ. ಇಬ್ಬರೂ ‘ಮೈಯೆಲ್ಲ ಬಿಸಿ, ಒಳಜ್ವರ ಇರಬೇಕು’ ಅಂತ ಬರೆಯಬಹುದು. ಅನುಮಾನ ಇದ್ದರೆ ಜ್ವರ ಅಂತಲೇ ಗುರುತು ಹಾಕಿ ಅಂತ ಹೇಳಿದ್ದೇನೆ. ಪದದ ಚೆಂದಕ್ಕಿಂತ ಅದು ಮುಖ್ಯ.

ಇದೆಲ್ಲ ಕೂದಲು ಸೀಳುವ ಕೆಲಸ ಅಂತ ನನ್ನ ಜೊತೆಯವರೇ ನಕ್ಕಿದ್ದರು. ಅವರಿಗೆ ನ್ಯೂಯಾರ್ಕಿನ ಒಂದು ಅಧ್ಯಯನ ತೋರಿಸಿದೆ, ಫಲಿತಾಂಶ 2017ರಲ್ಲಿ ಹೊರಬಂತು. ಕೀಮೋ ಪಡೆಯುತ್ತಿದ್ದ 766 ಜನ. ಒಂದು ಗುಂಪಿನವರು ತಮ್ಮ 12 ತೊಂದರೆಗಳನ್ನು ಆಗಾಗ ಕಂಪ್ಯೂಟರಿನಲ್ಲಿ ತಾವೇ ತಿಳಿಸುತ್ತಿದ್ದರು, ಜಾಸ್ತಿಯಾದರೆ ನರ್ಸ್‌ಗೆ ಸುದ್ದಿ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಮಾಮೂಲಿ ಆರೈಕೆ. ಬದುಕಿದ ಅವಧಿಯ ಮಧ್ಯಾಂಕ (ಅರ್ಧ ಜನ ದಾಟಿದ ಅವಧಿ) ಮೊದಲ ಗುಂಪಿನಲ್ಲಿ 31.2 ತಿಂಗಳು, ಎರಡನೆಯದರಲ್ಲಿ 26. ಅಲ್ಲಿ ಇದ್ದದ್ದು ಸಿದ್ಧ ಪ್ರಶ್ನೆಗಳು, ನಮ್ಮ ಹಾಗೆ ಬಿಡಿ ಮಾತು ಓದುವ ಸಾಫ್ಟ್‌ವೇರ್ ಅಲ್ಲ. ಆದರೂ ಹೇಳಿದ್ದು ಸರಿಯಾದವರಿಗೆ, ಸರಿಯಾದ ಹೊತ್ತಿಗೆ ತಲುಪಿತು ಅಲ್ವಾ. ‘ಊಟ ಸೇರ್ತಿಲ್ಲ’ ಅಂದದ್ದನ್ನು ‘ತೊಂದರೆ ಇಲ್ಲ’ ಅಂತ ಓದಿದರೆ ತಲುಪುವುದೇನು? ಆಮೇಲೆ ಅವರು ನಗಲಿಲ್ಲ.

ಕೊನೆಯದಾಗಿ, ಪಟ್ಟಿಯಲ್ಲಿ ಎಲ್ಲೂ ಜಾಗ ಸಿಗದ ಒಂದು ಪದ ನನ್ನ ಹತ್ತಿರ ಉಳಿದಿದೆ. ‘ಒಂಥರಾ’. ‘ಕೀಮೋ ಆದ ಎರಡನೇ ದಿನದಿಂದ ಒಂಥರಾ ಆಗತ್ತೆ.’ ಹೊಟ್ಟೆಯೋ, ತಲೆಯೋ, ಮನಸ್ಸೋ? ಮೂರೂ ಇರಬಹುದು. ಒಬ್ಬರು ವಾಕರಿಕೆ ಅಂತ ಗುರುತು ಹಾಕಿದರು, ಇನ್ನೊಬ್ಬರು ಆತಂಕ ಅಂತ, ನಾನು ಖಾಲಿ ಬಿಟ್ಟೆ. ಈಗ ಮೂವರಿಗೂ ತಮ್ಮದು ಸರಿ ಅನ್ನಿಸುತ್ತಿಲ್ಲ. ನಿಮ್ಮ ಕಿವಿಗೆ ‘ಒಂಥರಾ’ ಮೊದಲು ಎಲ್ಲಿ ಕೇಳುತ್ತದೆ, ಮೈಯಲ್ಲೋ ಮನಸ್ಸಿನಲ್ಲೋ? ಅದೊಂದನ್ನಾದರೂ ಬರೆಯಿರಿ.