ಸಹಾಯ ಬೇಕು: 1310 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು 1550ಕ್ಕೆ ಬದಲಿಸುವ ಡಬ್ಬಿ ಬಳಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆ ನಾಲ್ಕು ಊರಿಗೆ ಇಂಟರ್ನೆಟ್ ಕೊಡುತ್ತೇನೆ. ದೇವಿಮನೆ ಘಟ್ಟದ ಕೆಳಗಿನಿಂದ ನಮಗೆ ಬರುವ ಫೈಬರ್ ಸುಮಾರು 40 ಕಿಲೋಮೀಟರ್. ಡೇಟಾ ಹೋಗಲು ಒಂದು ಕೋರ್ (ಗಾಜಿನ ಎಳೆ), ಬರಲು ಒಂದು. ಹೋದ ವಾರದ ಗಾಳಿಮಳೆಗೆ ಮರ ಬಿದ್ದು ಒಂದು ಕೋರ್ ಕಡಿಯಿತು. ಮಳೆ ಬಿಡುವವರೆಗೆ ಅಲ್ಲಿ ಸ್ಪ್ಲೈಸ್ ಮಾಡುವುದು (ಕಡಿದ ಎಳೆ ಬೆಸೆಯುವುದು) ಕಷ್ಟ.

ಉಳಿದ ಒಂದೇ ಕೋರ್‌ನಲ್ಲಿ ಎರಡೂ ದಿಕ್ಕು ಓಡಿಸಬೇಕು. ಆದರೆ ಎರಡೂ ತುದಿಯ ಹಳೆ ಸ್ವಿಚ್‌ನಲ್ಲಿ ಲೇಸರ್ ಒಳಗೇ ಕೂತಿದೆ, ಬಿಚ್ಚಲು ಬರುವುದಿಲ್ಲ. ಎರಡೂ 1310 ನ್ಯಾನೋಮೀಟರ್, ಅಂದರೆ ಒಂದೇ ಬಣ್ಣ (ತರಂಗಾಂತರ). ಅಂಗಡಿಯವರು ಮಕ್ಸ್ ಸಾಕು ಅಂದರು, ಕೊಂಡು ತಂದೆ. ಮಕ್ಸ್ ಬೇರೆ ಬೇರೆ ಬಣ್ಣ ಸೇರಿಸುತ್ತದೆ ಅಷ್ಟೇ, ಬಣ್ಣ ಬದಲಿಸುವುದಿಲ್ಲ ಅಲ್ವಾ?

ನನಗೆ ಬೇಕಿರುವುದು ಬೆಳಕನ್ನು ಕರೆಂಟ್ ಸಿಗ್ನಲ್ ಮಾಡಿ, ಮತ್ತೆ ಬೇರೆ ತರಂಗಾಂತರದಲ್ಲಿ ಬಿಡುವ ಕನ್ವರ್ಟರ್. ಒಂದು ದಿಕ್ಕಿಗೆ 1530, ಇನ್ನೊಂದಕ್ಕೆ 1550 ಅಂದುಕೊಂಡಿದ್ದೇನೆ. 1310ರಲ್ಲಿ ಕಿಲೋಮೀಟರಿಗೆ ಸುಮಾರು 0.35 ಡಿಬಿ (ಡೆಸಿಬೆಲ್) ಬೆಳಕು ನಷ್ಟ, 1550ರಲ್ಲಿ 0.2. 40 ಕಿಲೋಮೀಟರಿಗೆ 6 ಡಿಬಿ ಉಳಿತಾಯ ಆಗುತ್ತದೆ, ಮಕ್ಸ್ ತಿನ್ನುವುದು ಅದರಲ್ಲೇ ಹೋಗಲಿ.

ಎರಡು ಎಸ್‌ಎಫ್‌ಪಿ (ಬಿಚ್ಚಿ ಹಾಕಬಹುದಾದ ಲೇಸರ್ ಮಾಡ್ಯೂಲ್) ಸ್ಲಾಟ್ ಇರುವ ಸಣ್ಣ ಕನ್ವರ್ಟರ್ 1 ಗಿಗಾಬಿಟ್ ವೇಗಕ್ಕೆ ಸಾಕಾ? ಇದೇ ಕೆಲಸದ ದೊಡ್ಡ ಯಂತ್ರ, ಟ್ರಾನ್ಸ್‌ಪಾಂಡರೇ ಬೇಕಾ? ನಮ್ಮ ಕಡೆ ಮಳೆಗಾಲದ ಥಂಡಿಗೆ ಪೆಟ್ಟಿಗೆ ಒಳಗೇ ನೀರು ಬೆವರುತ್ತದೆ, ಬಾಳಿಕೆ ಹೇಗೆ? ಕಾರವಾರ, ಕುಮಟಾ ಕಡೆ ಯಾರಾದರೂ ಹಾಕಿದ್ದರೆ ದಯವಿಟ್ಟು ಹೇಳಿ. ಎರಡು ದಿನಕ್ಕೆ ಬಾಡಿಗೆಗೆ ಸಿಕ್ಕರೂ ಇವತ್ತೇ ಬಂದು ಒಯ್ಯುತ್ತೇನೆ. ಊರಿನ ಮಕ್ಕಳ ಆನ್‌ಲೈನ್ ಪಾಠ ನಿಂತಿದೆ.